ಲಿನಕ್ಸ್ ಹಾಕಿದ್ಮೇಲೂ ಆ್ಯಂಟಿವೈರಸ್ ಬೇಕಾ? ಜೆರಾಕ್ಸ್ ಅಂಗಡಿಯಿಂದ ಬಂದ ಒಂದು ಪ್ರಶ್ನೆ

 

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಹಾಸನ ಕಡೆಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ. ಅವರ ಮಾತಲ್ಲೇ ಕೇಳಿ: “ಅಣ್ಣಾ, ನಮ್ಮಪ್ಪಂದು ಜೆರಾಕ್ಸ್ ಅಂಗಡಿ. ಅಂಗಡಿ ಕಂಪ್ಯೂಟರ್ ಹಳೇದು, ವಿಂಡೋಸ್ 11 ತಗೊಳ್ಳಲ್ಲ. ಅದಕ್ಕೆ ನಾನೇ ಲಿನಕ್ಸ್ ಮಿಂಟ್ ಹಾಕ್ಕೊಟ್ಟೆ. ಮುಂಚೆ ವರ್ಷಾ ವರ್ಷಾ ಆ್ಯಂಟಿವೈರಸ್‌ಗೆ ದುಡ್ಡು ಕಟ್ತಿದ್ರು. ಇನ್ಮೇಲೆ ಬೇಡ, ಲಿನಕ್ಸ್‌ಗೆ ವೈರಸ್ಸೇ ಬರಲ್ಲ ಅಂದೆ. ಅಪ್ಪ ನಂಬ್ತಿಲ್ಲ. ‘ದಿನಾ ಯಾರ್ಯಾರದೋ ಪೆನ್‌ಡ್ರೈವ್ ಹಾಕ್ತೀವಲ್ಲೋ, ಏನಾದ್ರೂ ಆದ್ರೆ ಯಾರು ಜವಾಬ್ದಾರಿ?’ ಅಂತಾರೆ. ನಾನು ಏನ್ ಹೇಳ್ಲಿ?”

ಅಪ್ಪನ ಭಯ ಸುಳ್ಳಲ್ಲ. ಒಂದು ಜೆರಾಕ್ಸ್ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿ. ಊರಿನ ಅರ್ಧ ಜನರ ಆಧಾರ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಅಲ್ಲೇ ಬಿದ್ದಿರತ್ತೆ. ಅದು ಕಳ್ಳರ ಕೈಗೆ ಸಿಕ್ಕಿದ್ರೆ ಹೋಗೋದು ಅಂಗಡಿಯ ಮಾನ ಮಾತ್ರ ಅಲ್ಲ, ಬೇರೆಯವರ ದುಡ್ಡು.

ಇದು ಒಬ್ಬರ ಪ್ರಶ್ನೆಯೂ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗೀತು. ವಿಂಡೋಸ್ 11 ಹಳೇ ಪ್ರೊಸೆಸರ್‌ಗಳಿಗೆ ಹೊಂದಲ್ಲ, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು ಅನ್ನತ್ತೆ. ಹಾಗಾಗಿ ಹಳೇ ಲ್ಯಾಪ್‌ಟಾಪ್ ಬಿಸಾಕೋಕೆ ಮನಸ್ಸಿಲ್ಲದವರು ಉಬುಂಟು, ಮಿಂಟ್ ಕಡೆ ಬರ್ತಿದ್ದಾರೆ. ಬಂದವರೆಲ್ಲ ಮೊದಲು ಕೇಳೋದು ಇದನ್ನೇ.

ಮೊದಲು ಚಿಕ್ಕ ಉತ್ತರ ಹೇಳಿಬಿಡ್ತೀನಿ. ಮನೆಯಲ್ಲಿ ಓದೋಕೆ, ಕೋಡಿಂಗ್‌ಗೆ, ಸಿನಿಮಾ ನೋಡೋಕೆ ಲಿನಕ್ಸ್ ಬಳಸೋರಿಗೆ ಆ್ಯಂಟಿವೈರಸ್ ಸಾಮಾನ್ಯವಾಗಿ ಬೇಕಾಗಲ್ಲ. ಆದ್ರೆ ‘ಆ್ಯಂಟಿವೈರಸ್ ಬೇಡ’ ಅನ್ನೋದು ಬೇರೆ, ‘ರಕ್ಷಣೆ ಬೇಡ’ ಅನ್ನೋದು ಬೇರೆ. ಈ ಎರಡನ್ನ ಒಂದೇ ಅಂದ್ಕೊಂಡವರೇ ಮೋಸ ಹೋಗಿರೋದು.

ಲಿನಕ್ಸ್‌ಗೆ ವೈರಸ್ ಬರೋದೇ ಇಲ್ವಾ?

ಬರತ್ತೆ. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಶುರು ಮಾಡಿದ್ದು 1991ರಲ್ಲಿ. ಐದೇ ವರ್ಷಕ್ಕೆ, 1996ರಲ್ಲಿ, ‘ಸ್ಟಾಗ್’ ಅನ್ನೋ ಲಿನಕ್ಸ್ ವೈರಸ್ ಪತ್ತೆಯಾಯ್ತು. ಮರುವರ್ಷ ‘ಬ್ಲಿಸ್’ ಬಂತು. ಎರಡೂ ಹೆಚ್ಚು ಹರಡಲಿಲ್ಲ. ಯಾಕೆ ಹರಡಲಿಲ್ಲ ಅನ್ನೋದರಲ್ಲೇ ಲಿನಕ್ಸ್‌ನ ಬಲ ಇದೆ.

ಮೊದಲನೇದು, ಸಾಫ್ಟ್‌ವೇರ್ ಎಲ್ಲಿಂದ ಬರತ್ತೆ ಅನ್ನೋದು. ವಿಂಡೋಸ್‌ನಲ್ಲಿ ನಮಗೆ ಒಂದು ಅಭ್ಯಾಸ ಇದೆ: ಗೂಗಲ್‌ನಲ್ಲಿ ಹುಡುಕು, ಸಿಕ್ಕಿದ ಸೈಟಿಂದ ಡೌನ್‌ಲೋಡ್ ಮಾಡು, ನೆಕ್ಸ್ಟ್ ನೆಕ್ಸ್ಟ್ ಒತ್ತು. ಲಿನಕ್ಸ್‌ನಲ್ಲಿ ರೆಪೊಸಿಟರಿ ಅನ್ನೋ ಉಗ್ರಾಣ ಇರತ್ತೆ. ಅಲ್ಲಿನ ಪ್ಯಾಕೇಜ್‌ಗಳನ್ನ ಡಿಸ್ಟ್ರೋ ತಂಡದವರು ನೋಡ್ಕೋತಾರೆ. ಉಗ್ರಾಣಕ್ಕೆ ಡಿಜಿಟಲ್ ಸಹಿ ಇರತ್ತೆ. ದಾರಿಯಲ್ಲಿ ಯಾರಾದ್ರೂ ಏನಾದ್ರೂ ಬದಲಾಯಿಸಿದ್ರೆ ಸಹಿ ಹೊಂದಲ್ಲ, ಇನ್‌ಸ್ಟಾಲ್ ನಿಂತೋಗತ್ತೆ.

ಎರಡನೇದು, ಅನುಮತಿ. ಬ್ರೌಸರ್‌ನಿಂದ ಇಳಿಸಿದ ಫೈಲ್ ತಾನಾಗಿ ಪ್ರೋಗ್ರಾಂ ತರ ಓಡೋಕಾಗಲ್ಲ, ‘ಇದು ಓಡಬಹುದು’ ಅಂತ ನೀವು ಗುರುತು ಹಾಕ್ಬೇಕು. ಸಿಸ್ಟಂ ಫೈಲ್ ಮುಟ್ಟಬೇಕಂದ್ರೆ ಪಾಸ್‌ವರ್ಡ್ ಕೇಳತ್ತೆ.

ಮೂರನೇದು, ಸಂಖ್ಯೆ. ಸ್ಟಾಟ್‌ಕೌಂಟರ್ ಲೆಕ್ಕದಲ್ಲಿ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಪಾಲು ಶೇ 4 ದಾಟಿದ್ದೇ 2024ರ ಫೆಬ್ರುವರಿಯಲ್ಲಿ. ಕಳ್ಳರಿಗೂ ಲಾಭ ನಷ್ಟದ ಲೆಕ್ಕ ಇರತ್ತೆ, ಜನ ಹೆಚ್ಚಿರೋ ಸಂತೆಗೇ ಹೋಗ್ತಾರೆ. ಆದ್ರೆ ಇದು ಬಲ ಅಲ್ಲ, ಅದೃಷ್ಟ. ಜನ ಹೆಚ್ಚಾದ ಹಾಗೆ ಇದು ಕರಗತ್ತೆ.

ಮಾಸ್ಟರ್ ಕೀ ಸುರಕ್ಷಿತ, ನಿಮ್ಮ ರೂಮು?

ಈಗ ಮುಖ್ಯವಾದ ಮಾತು. ‘ರೂಟ್ ಪಾಸ್‌ವರ್ಡ್ ಇಲ್ದೆ ವೈರಸ್ ಏನೂ ಮಾಡೋಕಾಗಲ್ಲ’ ಅಂತ ನೀವು ಕೇಳಿರ್ತೀರ. ಇದು ಅರ್ಧ ಸತ್ಯ.

ನೀವಿರೋ ಪಿಜಿ ನೆನಪಿಸ್ಕೊಳ್ಳಿ. ಮಾಸ್ಟರ್ ಕೀ ಓನರ್ ಹತ್ರ ಮಾತ್ರ ಇರತ್ತೆ. ನಿಮ್ಮ ರೂಮಿಗೆ ನುಗ್ಗಿದವನು ಪಕ್ಕದ ರೂಮಿಗೆ ಹೋಗೋಕಾಗಲ್ಲ, ಮೀಟರ್ ಬೋರ್ಡ್ ಮುಟ್ಟೋಕಾಗಲ್ಲ. ಕಟ್ಟಡ ಸುರಕ್ಷಿತ. ಸರಿ, ಆದ್ರೆ ನಿಮ್ಮ ಪರ್ಸು, ಸರ್ಟಿಫಿಕೇಟು, ಲ್ಯಾಪ್‌ಟಾಪು ಎಲ್ಲಾ ಇರೋದೆಲ್ಲಿ? ಅದೇ ರೂಮಲ್ಲಿ.

ಲಿನಕ್ಸ್‌ನಲ್ಲೂ ಹೀಗೇನೇ. ನಿಮ್ಮ ಫೋಟೊ, ಪ್ರಾಜೆಕ್ಟ್, ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್, ಲಾಗಿನ್ ಆಗಿರೋ ಜಿಮೇಲ್, ಅಂಗಡಿಯ ಗಿರಾಕಿಗಳ ಆಧಾರ್, ಎಲ್ಲವೂ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇರತ್ತೆ. ನೀವೇ ಓಡಿಸಿದ ಒಂದು ಕೆಟ್ಟ ಪ್ರೋಗ್ರಾಂಗೆ ಅದನ್ನೆಲ್ಲ ಓದೋಕೆ ರೂಟ್ ಪಾಸ್‌ವರ್ಡ್ ಬೇಕಾಗಿಲ್ಲ. ಮಿಂಟ್ ಹಾಳಾದ್ರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಕ್ಬಹುದು. ಹೋದ ಆಧಾರ್ ಕಾಪಿ ವಾಪಸ್ ಬರಲ್ಲ.

ಕಳ್ಳ ಯಾವ ದಾರಿಯಲ್ಲಿ ಬಂದ?

ನಡೆದಿರೋ ಘಟನೆಗಳನ್ನೇ ನೋಡೋಣ.

ಮೊದಲನೇದು ಫ್ರೀ ಡೌನ್‌ಲೋಡ್ ಮ್ಯಾನೇಜರ್ ಕತೆ. ಇದರ ಅಧಿಕೃತ ಸೈಟಿಗೆ ಹೋಗಿ ಲಿನಕ್ಸ್ ಆವೃತ್ತಿ ಒತ್ತಿದ ಕೆಲವರನ್ನ ಸೈಟು ಬೇರೆ ವಿಳಾಸಕ್ಕೆ ಕಳಿಸ್ತಿತ್ತು. ಅಲ್ಲಿ ಸಿಗ್ತಿದ್ದ ಪ್ಯಾಕೇಜ್‌ನಲ್ಲಿ ಡೌನ್‌ಲೋಡ್ ಮ್ಯಾನೇಜರ್ ಜೊತೆ ಒಂದು ಕಳ್ಳ ಬಾಗಿಲೂ ಇತ್ತು. ಇನ್‌ಸ್ಟಾಲ್ ಮಾಡೋವಾಗ ಬಳಕೆದಾರರೇ ಪಾಸ್‌ವರ್ಡ್ ಕೊಟ್ಟಿದ್ರು. ಅಲ್ಲಿಂದ ಬ್ರೌಸಿಂಗ್ ಹಿಸ್ಟರಿ, ಸೇವ್ ಆದ ಪಾಸ್‌ವರ್ಡ್, ಕ್ರಿಪ್ಟೊ ವಾಲೆಟ್ ಫೈಲ್ ಎಲ್ಲಾ ಹೊರಗೆ ಹೋಗ್ತಿತ್ತು. ಇದು 2020ರಿಂದ 2022ರವರೆಗೆ ಹಂಚಿಕೆಯಾಗಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆ ಬಯಲು ಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಇಷ್ಟು ವರ್ಷ ಗೊತ್ತಾಗದೇ ಇರೋಕೆ ಒಂದು ಕಾರಣ, ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಇಂಥದ್ದು ಇರಬಹುದು ಅಂತ ಹುಡುಕೋರೇ ಕಡಿಮೆ.

ಎರಡನೇದು ಆರ್ಚ್ ಲಿನಕ್ಸ್‌ದು. ಅದರಲ್ಲಿ ಎಯುಆರ್ ಅಂತ ಒಂದು ಜಾಗ ಇದೆ, ಅಲ್ಲಿ ಯಾರು ಬೇಕಾದ್ರೂ ಪ್ಯಾಕೇಜ್ ಹಾಕ್ಬಹುದು. 2025ರ ಜುಲೈನಲ್ಲಿ ಫೈರ್‌ಫಾಕ್ಸ್, ಲಿಬ್ರೆವೂಲ್ಫ್, ಝೆನ್ ಬ್ರೌಸರ್‌ಗಳ ಹೆಸರಿಟ್ಕೊಂಡು ಮೂರು ನಕಲಿ ಪ್ಯಾಕೇಜ್ ಬಂದವು. ಒಳಗಿದ್ದಿದ್ದು ದೂರದಿಂದಲೇ ಕಂಪ್ಯೂಟರ್ ನಡೆಸೋ ಮಾಲ್‌ವೇರ್. ಎರಡು ದಿನದಲ್ಲಿ ತೆಗೆದುಹಾಕಿದ್ರು. ಗಮನಿಸಿ, ಉಗ್ರಾಣ ಅಂದ್ರೆ ಎಲ್ಲಾ ಉಗ್ರಾಣವೂ ಒಂದೇ ಅಲ್ಲ.

ಮೂರನೇದು ನಮ್ಮ ದೇಶದ್ದೇ. ಬಾಸ್ ಲಿನಕ್ಸ್ ಅಂತ ಸಿ-ಡ್ಯಾಕ್ ರೂಪಿಸಿದ ಆಪರೇಟಿಂಗ್ ಸಿಸ್ಟಂ ಇದೆ, ಸರ್ಕಾರಿ ಕಚೇರಿಗಳಲ್ಲಿ ಬಳಸ್ತಾರೆ. ಎಪಿಟಿ36 ಅಂತ ಭದ್ರತಾ ತಜ್ಞರು ಹೆಸರಿಟ್ಟಿರೋ ಗೂಢಚಾರಿಕೆ ಗುಂಪು ಅದರ ಬಳಕೆದಾರರನ್ನ ಗುರಿ ಮಾಡಿದ್ದು 2025ರ ಆಗಸ್ಟ್‌ನಲ್ಲಿ ಬಯಲಾಯ್ತು. ದಾರಿ ತುಂಬಾ ಸರಳ. ಮೀಟಿಂಗ್ ನೋಟಿಸ್ ಅನ್ನೋ ಹಾಗೆ ಇಮೇಲ್‌ನಲ್ಲಿ ಒಂದು ಜಿಪ್ ಫೈಲ್. ಬಿಚ್ಚಿದ್ರೆ ಪಿಡಿಎಫ್ ತರ ಕಾಣೋ ಒಂದು ಫೈಲ್. ಅದು ಪಿಡಿಎಫ್ ಅಲ್ಲ, ಲಿನಕ್ಸ್‌ನ ಶಾರ್ಟ್‌ಕಟ್ ಫೈಲ್. ಒತ್ತಿದ ಕೂಡಲೇ ಹಿಂದುಗಡೆ ಮಾಲ್‌ವೇರ್ ಇಳಿಯತ್ತೆ, ಅನುಮಾನ ಬರದಿರಲಿ ಅಂತ ಮುಂದೆ ಒಂದು ನಿಜವಾದ ಪಿಡಿಎಫ್ ತೆರೆದುಕೊಳ್ಳತ್ತೆ.

ಈ ಮೂರರಲ್ಲೂ ಲಿನಕ್ಸ್‌ನ ಗೋಡೆ ಒಡೆದು ಯಾರೂ ಬರಲಿಲ್ಲ. ಒಳಗಿದ್ದವರೇ ಬಾಗಿಲು ತೆಗೆದ್ರು. ಕಳ್ಳ ಪರಿಚಯದವರ ವೇಷದಲ್ಲಿ ಬಂದಿದ್ದ, ಅಷ್ಟೇ.

ಆ್ಯಂಟಿವೈರಸ್ ಇದ್ದಿದ್ರೆ ಹಿಡೀತಿತ್ತಾ?

ಆ್ಯಂಟಿವೈರಸ್‌ನ ಮೂಲ ಕೆಲಸ ಸ್ಟೇಷನ್‌ನಲ್ಲಿ ಕಳ್ಳರ ಫೋಟೊ ಅಂಟಿಸಿದ ಬೋರ್ಡ್ ತರ. ಫೈಲ್ ಬಂತು, ಫೋಟೊ ಜೊತೆ ಹೋಲಿಸ್ತು, ಹೊಂದಿದ್ರೆ ಹಿಡೀತು. ಈ ಫೋಟೊಗೆ ಸಿಗ್ನೇಚರ್ ಅಂತಾರೆ. ಹಳೇ ಕಳ್ಳ ಸಿಕ್ಕಿಬೀಳ್ತಾನೆ. ಮೊದಲ ಸಲ ಬಂದವನ ಫೋಟೊ ಬೋರ್ಡಲ್ಲಿ ಇರಲ್ಲ. ಕೆಲವು ಸಾಫ್ಟ್‌ವೇರ್ ನಡವಳಿಕೆ ನೋಡಿಯೂ ಗುರುತಿಸ್ತವೆ, ಆದ್ರೆ ಮನೆ ಬಳಕೆಯ ಲಿನಕ್ಸ್‌ಗೆ ಅಂಥ ಆಯ್ಕೆಗಳು ಕಡಿಮೆ.

ಇದಕ್ಕೆ ದೊಡ್ಡ ಉದಾಹರಣೆ ಎಕ್ಸ್‌ಝೆಡ್. ಫೈಲ್‌ಗಳನ್ನ ಕುಗ್ಗಿಸೋ ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ಹೆಚ್ಚುಕಡಿಮೆ ಎಲ್ಲಾ ಲಿನಕ್ಸ್‌ನಲ್ಲೂ ಇರತ್ತೆ. ‘ಜಿಯಾ ಟಾನ್’ ಅನ್ನೋ ಹೆಸರಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೇ ಕೆಲಸ ಮಾಡ್ಕೊಂಡು, ಅದನ್ನ ನೋಡ್ಕೋತಿದ್ದವರ ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳ ಬಾಗಿಲು ಸೇರಿಸಿದ್ರು. ಅದು ಎಲ್ಲಾ ಕಡೆ ಹರಡಿದ್ರೆ ಜಗತ್ತಿನ ಅದೆಷ್ಟೋ ಸರ್ವರ್‌ಗಳ ಬಾಗಿಲು ತೆರೆದುಕೊಳ್ತಿತ್ತು.

ಯಾವ ಆ್ಯಂಟಿವೈರಸ್ಸೂ ಇದನ್ನ ಮೊದಲು ಹಿಡೀಲಿಲ್ಲ. ಹಿಡಿದಿದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್. ಅವರ ಕಂಪ್ಯೂಟರ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡ ಆಗ್ತಿತ್ತು. ಯಾಕಪ್ಪಾ ಅಂತ ಹಿಂದೆ ಬಿದ್ದು ಕೆದಕಿದಾಗ ಎಲ್ಲಾ ಹೊರಗೆ ಬಂತು. 2024ರ ಮಾರ್ಚ್ 29ಕ್ಕೆ ಜಗತ್ತಿಗೆ ತಿಳಿಸಿದ್ರು. ಕೆಲವು ಡಿಸ್ಟ್ರೋಗಳ ಪರೀಕ್ಷಾ ಆವೃತ್ತಿಗಳಿಗೆ ಆಗಲೇ ಬಂದಿತ್ತು, ಸ್ಥಿರ ಆವೃತ್ತಿ ಬಳಸೋ ಹೆಚ್ಚಿನವರು ಬಚಾವಾದ್ರು. ಕೋಡ್ ಎಲ್ಲರ ಮುಂದೆ ಇದ್ದಿದ್ದಕ್ಕೆ ಕೆದಕೋಕೆ ಆಯ್ತು. ಎಲ್ಲರ ಮುಂದೆ ಇದ್ರೂ ನೋಡೋರು ಇಲ್ದಿದ್ರೆ ಏನಾಗತ್ತೆ ಅನ್ನೋದೂ ಗೊತ್ತಾಯ್ತು.

ಇನ್ನೊಂದು ಮಾತು. ಆ್ಯಂಟಿವೈರಸ್ ಕೂಡ ಒಂದು ಸಾಫ್ಟ್‌ವೇರೇ. ಅಪರಿಚಿತ ಫೈಲ್‌ಗಳನ್ನೆಲ್ಲ ಬಿಚ್ಚಿ ನೋಡೋದೇ ಅದರ ಕೆಲಸ ಆಗಿರೋದ್ರಿಂದ ಅದರಲ್ಲೇ ತೂತಿದ್ರೆ ಅಪಾಯ ದೊಡ್ಡದು. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರೋ ಕ್ಲಾಮ್‌ಎವಿಯಲ್ಲೇ 2023ರ ಫೆಬ್ರುವರಿಯಲ್ಲಿ ಅಂಥ ಗಂಭೀರ ದೋಷವೊಂದನ್ನ ಸರಿಪಡಿಸಿದ್ರು. 2024ರ ಜುಲೈ 19 ನೆನಪಿದ್ಯಾ? ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಸಾಫ್ಟ್‌ವೇರ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಕೆಟ್ಟು ನಿಂತವು. ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ರು. ಕಾವಲುಗಾರನನ್ನ ಇಟ್ಕೊಳ್ಳೋದು ತಪ್ಪಲ್ಲ, ಆದ್ರೆ ಅವನ ಕೈಗೂ ಬೀಗದ ಕೈ ಕೊಡ್ತಿದ್ದೀವಿ ಅನ್ನೋದು ಗೊತ್ತಿರಬೇಕು.

ಹಾಗಾದ್ರೆ ಯಾರಿಗೆ ಬೇಕು?

ನಮ್ಮ ಹಾಸನದ ಗೆಳೆಯರೇ, ಈಗ ನಿಮ್ಮ ಅಂಗಡಿಗೆ ಬರೋಣ. ಇಲ್ಲಿ ಅಪ್ಪನ ಮಾತಲ್ಲಿ ಹುರುಳಿದೆ.

ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡೋ ಪೆನ್‌ಡ್ರೈವ್ ವೈರಸ್ ನಾವೆಲ್ಲ ನೋಡಿದ್ದೀವಿ. ಅದು ವಿಂಡೋಸ್‌ಗೆ ಬರೆದದ್ದು. ಮಿಂಟ್‌ಗೆ ಹಾಕಿದ್ರೆ ಸುಮ್ನೆ ಒಂದು ಫೈಲ್ ತರ ಬಿದ್ದಿರತ್ತೆ, ನಿಮ್ಮ ಕಂಪ್ಯೂಟರ್‌ಗೆ ಏನೂ ಮಾಡಲ್ಲ. ಆದ್ರೆ ನೀವು ಅದೇ ಫೋಲ್ಡರನ್ನ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಅಲ್ಲಿಂದ ಇನ್ನೊಬ್ಬರ ಪೆನ್‌ಡ್ರೈವ್‌ಗೆ ಹಾಕಿಕೊಟ್ರೆ, ಅವರ ವಿಂಡೋಸ್ ಲ್ಯಾಪ್‌ಟಾಪ್‌ಗೆ ತಲುಪಿಸಿದವರು ನೀವೇ. ನಿಮಗೆ ಜ್ವರ ಇಲ್ಲ, ಆದ್ರೆ ಹಂಚ್ತಿದ್ದೀರ.

ಅದಕ್ಕೆ ನಿಮ್ಮ ಅಂಗಡಿಯಲ್ಲಿ ಕ್ಲಾಮ್‌ಎವಿ ಇಟ್ಕೊಳ್ಳಿ. ಇದು ಉಚಿತ, ಓಪನ್ ಸೋರ್ಸ್, ಈಗ ಸಿಸ್ಕೊ ಕಂಪನಿ ನೋಡ್ಕೊಳ್ತಿದೆ, ಮಿಂಟ್‌ನ ಉಗ್ರಾಣದಲ್ಲೇ ಸಿಗತ್ತೆ. ಇದರ ಪಟ್ಟಿಯಲ್ಲಿ ಹೆಚ್ಚಾಗಿ ಇರೋದೂ ವಿಂಡೋಸ್ ಮಾಲ್‌ವೇರೇ, ನಿಮ್ಮ ಕೆಲಸಕ್ಕೆ ಅದೇ ಬೇಕು. ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಇದು ಯಾವಾಗ್ಲೂ ಕಾವಲು ಕೂರಲ್ಲ, ನೀವು ಹೇಳಿದಾಗ ಸ್ಕ್ಯಾನ್ ಮಾಡತ್ತೆ. ಪಟ್ಟಿ ಲೋಡ್ ಆಗೋಕೆ ಒಂದು ಜಿಬಿಗಿಂತ ಹೆಚ್ಚು ರ‍್ಯಾಮ್ ತಿನ್ನತ್ತೆ, ಹಳೇ ಕಂಪ್ಯೂಟರ್ ಆದ್ರೆ ಸ್ವಲ್ಪ ಏದುಸಿರು ಬಿಡತ್ತೆ. ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡ್ತಾ ಕೂರಬೇಡಿ. ಒಬ್ಬರಿಂದ ಇನ್ನೊಬ್ಬರಿಗೆ ಹೋಗೋ ಫೈಲ್‌ಗಳನ್ನ ಸ್ಕ್ಯಾನ್ ಮಾಡಿ.

ಇನ್ನು ಯಾರಿಗೆಲ್ಲ ಬೇಕು? ಮೇಲ್ ಸರ್ವರ್, ಫೈಲ್ ಸರ್ವರ್ ನಡೆಸೋರಿಗೆ. ಕಂಪನಿಯ ನಿಯಮ ಇದ್ರೆ, ಆ ಲ್ಯಾಪ್‌ಟಾಪ್‌ಗೆ. ವೈನ್ ಹಾಕ್ಕೊಂಡು ಎಲ್ಲೆಲ್ಲಿಂದಲೋ ತಂದ ವಿಂಡೋಸ್ ಗೇಮ್ ಆಡೋರು ವಿಶೇಷವಾಗಿ ಕೇಳಿ: ವೈನ್ ಮಾಮೂಲಾಗಿ ನಿಮ್ಮ ಪೂರ್ತಿ ಲಿನಕ್ಸ್ ಡಿಸ್ಕನ್ನ ‘ಝೆಡ್ ಡ್ರೈವ್’ ಅಂತ ಆ ಪ್ರೋಗ್ರಾಂಗೆ ತೋರಿಸತ್ತೆ. ವಿಂಡೋಸ್ ರಾನ್ಸಮ್‌ವೇರ್ ಒಂದು ವೈನ್‌ನಲ್ಲಿ ಓಡಿದ್ರೆ ನಿಮ್ಮ ಹೋಮ್ ಫೋಲ್ಡರ್‌ಗೂ ಕೈ ಹಾಕ್ಬಹುದು.

ದುಡ್ಡಿಲ್ಲದ ರಕ್ಷಣೆ

ಅಪ್ಪನಿಗೆ ಹೇಳಿ: ವರ್ಷಾ ವರ್ಷಾ ಕಟ್ತಿದ್ದ ದುಡ್ಡು ಉಳಿಸಬಹುದು, ಆದ್ರೆ ಆರು ಅಭ್ಯಾಸ ಬೇಕು.

ಒಂದು, ಅಪ್‌ಡೇಟ್. ಮಿಂಟ್‌ನ ಮೂಲೆಯಲ್ಲಿ ಗುರಾಣಿ ಗುರುತು ಕಂಡ್ರೆ ‘ನಾಳೆ’ ಅನ್ನಬೇಡಿ. ಬ್ರೌಸರ್, ಪಿಡಿಎಫ್ ಓದೋ ಸಾಫ್ಟ್‌ವೇರ್‌ಗಳಲ್ಲಿನ ತೂತು ಮುಚ್ಚೋದು ಅದೇ.

ಎರಡು, ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಇನ್‌ಸ್ಟಾಲ್ ಮಾಡಿ. ಮಿಂಟ್ 22ರಿಂದ, ಯಾರು ಮಾಡಿದ್ದು ಅಂತ ದೃಢಪಡದ ಫ್ಲಾಟ್‌ಪ್ಯಾಕ್ ಆ್ಯಪ್‌ಗಳನ್ನ ಮಾಮೂಲಾಗಿ ತೋರಿಸೋದೇ ಇಲ್ಲ. ಆ ಸೆಟ್ಟಿಂಗ್ ಹಾಗೇ ಇರಲಿ.

ಮೂರು, ಯೂಟ್ಯೂಬ್ ವಿಡಿಯೊ ಕೆಳಗಿದ್ದ ಕಮಾಂಡ್‌ನ ಟರ್ಮಿನಲ್‌ಗೆ ಕಾಪಿ ಪೇಸ್ಟ್ ಮಾಡೋ ಮುಂಚೆ ಓದಿ. ಅರ್ಥ ಆಗ್ಲಿಲ್ಲ ಅಂದ್ರೆ ಓಡಿಸಬೇಡಿ. ‘ಸುಡೊ’ ಅಂತ ಶುರುವಾದ್ರೆ ಇನ್ನೂ ಹುಷಾರು, ಅದು ಪಿಜಿ ಓನರ್‌ನ ಮಾಸ್ಟರ್ ಕೀ.

ನಾಲ್ಕು, ಮಿಂಟ್ ಡೌನ್‌ಲೋಡ್ ಮಾಡಿದಾಗ ಫೈಲ್ ಅಸಲಿಯಾ ಅಂತ ಚೆಕ್‌ಸಮ್ ಮತ್ತು ಸಹಿ ತಾಳೆ ನೋಡಿ. ಇದನ್ನ ಸುಮ್ನೆ ಹೇಳ್ತಿಲ್ಲ. 2016ರ ಫೆಬ್ರುವರಿ 20ರಂದು ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿ, 17.3 ಆವೃತ್ತಿಯ ಡೌನ್‌ಲೋಡ್ ಲಿಂಕನ್ನ ಮಾಲ್‌ವೇರ್ ಇದ್ದ ನಕಲಿಗೆ ತಿರುಗಿಸಿದ್ರು. ಮಿಂಟ್ ತಂಡವೇ ಅದನ್ನ ಬಹಿರಂಗವಾಗಿ ಹೇಳಿ ಎಚ್ಚರಿಸ್ತು.

ಐದು, ಗಿರಾಕಿ ಕೊಟ್ಟ ಫೈಲ್ ತೆರೆದಾಗ ಲಿಬ್ರೆಆಫೀಸ್ ‘ಮ್ಯಾಕ್ರೊ ಓಡಿಸಲಾ?’ ಅಂತ ಕೇಳಿದ್ರೆ ಬೇಡ ಅನ್ನಿ. ಪ್ರಿಂಟ್ ತೆಗೆಯೋಕೆ ಮ್ಯಾಕ್ರೊ ಬೇಕಿಲ್ಲ. ಪ್ರಿಂಟ್ ಆದ ಮೇಲೆ ಆಧಾರ್, ಮಾರ್ಕ್ಸ್ ಕಾರ್ಡ್ ಡಿಲೀಟ್ ಮಾಡಿ, ಟ್ರ್ಯಾಶ್ ಖಾಲಿ ಮಾಡಿ. ಇಲ್ಲದ್ದನ್ನ ಯಾರೂ ಕದಿಯೋಕಾಗಲ್ಲ.

ಆರು, ಬ್ಯಾಕಪ್. ಮಿಂಟ್‌ನ ಟೈಮ್‌ಶಿಫ್ಟ್ ಮಾಮೂಲಾಗಿ ಉಳಿಸೋದು ಸಿಸ್ಟಂ ಫೈಲ್‌ಗಳನ್ನ ಮಾತ್ರ. ನಿಮ್ಮ ಲೆಕ್ಕದ ಫೈಲು, ಫೋಟೊಗಳನ್ನ ಬೇರೆ ಹಾರ್ಡ್‌ಡಿಸ್ಕ್‌ಗೆ ನೀವೇ ಹಾಕಿ, ಹಾಕಿದ್ಮೇಲೆ ಕೇಬಲ್ ತೆಗೆದಿಡಿ.

ಮತ್ತೆ ಒಂದು ವಿಷಯ ಮರೀಬೇಡಿ. ಬ್ಯಾಂಕ್ ತರ ಕಾಣೋ ನಕಲಿ ಸೈಟಿನಲ್ಲಿ ನೀವೇ ಪಾಸ್‌ವರ್ಡ್, ಒಟಿಪಿ ಹೊಡೆದ್ರೆ ವಿಂಡೋಸ್ ಆದ್ರೇನು, ಲಿನಕ್ಸ್ ಆದ್ರೇನು, ದುಡ್ಡು ಹೋಗೋದು ಹೋಗತ್ತೆ.

ನಿಮ್ಮ ಜೇಬಲ್ಲೂ ಲಿನಕ್ಸ್

ಮುಗಿಸೋ ಮುಂಚೆ, ಈ ಪಾಡ್‌ಕಾಸ್ಟ್ ಕೇಳ್ತಿರೋ ನಿಮ್ಮ ಫೋನ್ ಕಡೆ ಒಮ್ಮೆ ನೋಡಿ. ಆಂಡ್ರಾಯ್ಡ್ ಆದ್ರೆ ಅದರ ಒಳಗೆ ಇರೋದೂ ಲಿನಕ್ಸ್ ಕರ್ನಲ್ಲೇ. ಆದ್ರೂ ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಮದುವೆ ಆಮಂತ್ರಣ’ದ ಎಪಿಕೆ, ‘ಟ್ರಾಫಿಕ್ ಚಲನ್’ ಹೆಸರಿನ ಎಪಿಕೆ ಒತ್ತಿ ಎಷ್ಟು ಜನ ಬ್ಯಾಂಕ್ ಖಾತೆ ಖಾಲಿ ಮಾಡ್ಕೊಂಡಿದ್ದಾರೆ! ಅಲ್ಲಿ ಕರ್ನಲ್ ಸೋಲಲಿಲ್ಲ. ಫೋನ್ ‘ಇದು ಹೊರಗಿನ ಆ್ಯಪ್, ಬೇಕಾ?’ ಅಂತ ಕೇಳ್ತು, ನಾವು ‘ಹೂಂ’ ಅಂದ್ವಿ.

ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲೂ ಕೊನೆಗೆ ಉಳಿಯೋ ಪ್ರಶ್ನೆ ಅದೇ. ಅದು ಪಾಸ್‌ವರ್ಡ್ ಕೇಳಿದಾಗ ‘ಯಾಕೆ ಕೇಳ್ತಿದೆ?’ ಅಂತ ಒಂದು ಕ್ಷಣ ನಿಲ್ತೀರಾ, ಇಲ್ವಾ? ನಿಲ್ಲೋರಿಗೆ ಆ್ಯಂಟಿವೈರಸ್ ಇಲ್ದಿದ್ರೂ ನಡೆಯತ್ತೆ. ನಿಲ್ಲದವರಿಗೆ ಎಷ್ಟು ದುಡ್ಡಿನ ಆ್ಯಂಟಿವೈರಸ್ ಇದ್ರೂ ಸಾಲಲ್ಲ.

ಹಾಸನದ ಗೆಳೆಯರೇ, ಅಪ್ಪನ ಹತ್ರ ‘ವೈರಸ್ಸೇ ಬರಲ್ಲ’ ಅಂದ ಮಾತು ವಾಪಸ್ ತಗೊಳ್ಳಿ. ಕ್ಲಾಮ್‌ಎವಿ ಹಾಕಿಕೊಟ್ಟು, ಪೆನ್‌ಡ್ರೈವ್ ಸ್ಕ್ಯಾನ್ ಮಾಡೋದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಿ. ಡೌನ್‌ಲೋಡ್ಸ್ ಫೋಲ್ಡರ್ ಇವತ್ತೇ ಖಾಲಿ ಮಾಡಿ. ಯಾರ ಜವಾಬ್ದಾರಿ ಅಂತ ಅಪ್ಪ ಕೇಳಿದ್ರಲ್ಲ, ಆ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ನಿಮ್ಮ ಹತ್ರಾನೂ ಇಂಥ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋ ಯೋಚನೆಯಲ್ಲಿರೋ ಗೆಳೆಯರಿಗೆ ಈ ಸಂಚಿಕೆ ಶೇರ್ ಮಾಡಿ.